ನಾದಿರಾಳ ಕಥೆ ಯಾರ ಹೆಸರು ಕೆಡಿಸುತ್ತದೆ?

ದಸರಾ ರಜೆಗೆಂದು ನಮ್ಮ ಕಾಲೇಜಿನ ಗ್ರಂಥಾಲಯದಿಂದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ತೆಗೆದುಕೊಂಡಿದ್ದೆ. ಇಂಡಿ ಬಸ್ಸಿನಲ್ಲಿ ಪಕ್ಕ ಕುಳಿತ ಗೆಳತಿ ಅದನ್ನು ನೋಡಿ, “ಇದನ್ಯಾಕ ಓದ್ತಿ? ನಮ್ಮ ಮಂದಿ ಹೆಸರು ಕೆಡಸೋ ಪುಸ್ತಕಂತ ಇದು” ಅಂದಳು. ಅವಳು ಅದನ್ನು ಓದಿರಲಿಲ್ಲ. ನಾನೂ ಓದಿರಲಿಲ್ಲ. ಈಗ ಓದಿ ಮುಗಿಸಿದ್ದೇನೆ. ಈ ಲೇಖನ ಅವಳಿಗೆ ನನ್ನ ಉತ್ತರ.

ಕಾಸರಗೋಡಿನ ಕಡೆಯ ಕಥೆ ಇದು. ಲಂಕೇಶ್ ಪತ್ರಿಕೆಯಲ್ಲಿ 1981ರಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾ ಮತ್ತು ರಶೀದ್ ಪ್ರೀತಿಯಿಂದ ಬಾಳುತ್ತಿರುತ್ತಾರೆ, ಒಂದು ಕೂಸೂ ಇರುತ್ತದೆ. ಅಳಿಯ ಹಣ ಕೊಡಲಿಲ್ಲವೆಂದು ತಂದೆ ಮಹಮ್ಮದ್ ಖಾನ್ ಮಗಳನ್ನು ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಅವನ ಹಟಕ್ಕೆ ತಲಾಖ್ ಆಗುತ್ತದೆ. ಮುಂದೆ ಗಂಡ ಹೆಂಡತಿ ಮತ್ತೆ ಕೂಡಬೇಕೆಂದಾಗ, ನಾದಿರಾ ಒಂದು ರಾತ್ರಿಗಾಗಿ ಬೇರೊಬ್ಬನನ್ನು ಮದುವೆಯಾಗಬೇಕೆಂಬ ಮಾತು ಬರುತ್ತದೆ. ಅದನ್ನು ತಾಳಲಾರದೆ ಅವಳು ನೀರಿನ ಪಾಲಾಗುತ್ತಾಳೆ.

ಗೆಳತಿ, ಇಲ್ಲಿ ಹೆಸರು ಕೆಡಿಸಿದವರು ಯಾರು? ಮೊದಲ ಗಂಡನಿಗೆ ಮರಳಿಸಲೆಂದೇ ಮಾತಾಡಿಕೊಂಡು ಮಾಡುವ ನಿಕಾಹ್ ಶಾಪಕ್ಕೆ ಗುರಿಯಾದದ್ದು ಎಂದು ಹದೀಸ್‌ನಲ್ಲೇ ಇದೆ. ಹೆಣ್ಣಿನ ಒಪ್ಪಿಗೆ ಇಲ್ಲದೆ ನಿಕಾಹ್ ಇಲ್ಲವೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಹಾಗಾದರೆ ನಾದಿರಾಳನ್ನು ನೀರಿಗೆ ನೂಕಿದ್ದು ದೀನ್ ಅಲ್ಲ, ದೀನ್ ಹೆಸರಿನಲ್ಲಿ ನಡೆದ ಗಂಡಸಿನ ಹಟ. ಅದನ್ನು ಬರೆದವರ ಮೇಲೆ ಸಿಟ್ಟು ಮಾಡಿಕೊಂಡು, ಮಾಡಿದವರನ್ನು ಸುಮ್ಮನೆ ಬಿಡುವುದು ಯಾವ ನ್ಯಾಯ? ಒಂದೇ ಉಸಿರಿನ ತಲಾಖ್ ಅಸಿಂಧುವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ತಲಾಖ್‌ನಿಂದ ಹೆಣ್ಣಿನ ಬದುಕು ಹೇಗೆ ಮುರಿಯುತ್ತದೆ ಎಂಬುದನ್ನು ನಮ್ಮವರೇ ಆದ ಒಬ್ಬ ಹೆಣ್ಣುಮಗಳು ಅದಕ್ಕೂ 36 ವರ್ಷ ಮೊದಲು ಕನ್ನಡದಲ್ಲಿ ಬರೆದಿದ್ದರು ಎಂಬುದು ನನಗೆ ಹೆಮ್ಮೆಯ ವಿಷಯ.

ರಜೆಯಲ್ಲಿ ರಾತ್ರಿ ಊಟವಾದ ಮೇಲೆ ಪುಸ್ತಕವನ್ನು ಅಮ್ಮಿಗೆ ಓದಿ ಹೇಳಿದೆ. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ, ಕಠಿಣ ಮಾತು ಬಂದಾಗ ನಮ್ಮ ಮನೆಯ ಉರ್ದುವಿನಲ್ಲಿ ತಿಳಿಸುತ್ತಿದ್ದೆ. ನಾಲ್ಕು ರಾತ್ರಿ ಹಿಡಿಯಿತು. ಮುಗಿದ ಮೇಲೆ ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ: “ಆ ತಾಯಿ ಮಾತು ಯಾಕ ನಡೀಲಿಲ್ಲ?” ನಾನು ಬಾಯಿ ತೆರೆಯುವ ಮೊದಲೇ ತಾನೇ ಅಂದಳು: “ಮಾತು ನಡೀಬೇಕಂದ್ರ ಕೈಯಾಗ ಏನಾರ ಇರಬೇಕಲ್ಲ.”

ಆ ಮಾತು ಪುಸ್ತಕದ ಬಗ್ಗೆ ಮಾತ್ರ ಆಗಿರಲಿಲ್ಲ. ಪಿಯುಸಿ ಮುಗಿದರೆ ಸಾಕು, ಮುಂದಿನದು ಮದುವೆ ಎಂದು ನಮ್ಮ ಮನೆಯಲ್ಲಿ ಬೇಸಿಗೆಯಿಂದ ಮಾತು ನಡೆದಿದೆ. ಮರುದಿನ ಬೆಳಿಗ್ಗೆ ಚಹಾ ಕೊಡುತ್ತ ಅಮ್ಮಿ ಅಬ್ಬಾಗೆ, “ಇಕಿ ಡಿಗ್ರಿ ಓದಲಿ” ಅಂದಳು. ಅಬ್ಬಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾತು ಇನ್ನೂ ಮುಗಿದಿಲ್ಲ. ಆದರೆ ಅಮ್ಮಿ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಕಾದಂಬರಿಯ ಕೊನೆಯ ಬಗ್ಗೆ ನನಗೂ ತಕರಾರಿದೆ. ನಾದಿರಾ ಬದುಕಬೇಕಿತ್ತು, ಕೂಸನ್ನು ಎತ್ತಿಕೊಂಡು ಎಲ್ಲರ ಮುಂದೆ ನಿಂತು “ಒಲ್ಲೆ” ಅನ್ನಬೇಕಿತ್ತು. ಆದರೆ ಹಾಗೆ ಅನ್ನಲು ಅವಳ ಹಿಂದೆ ಯಾರೂ ಇರಲಿಲ್ಲ. ತಮ್ಮ ಕಡೆಯ ಮುಸ್ಲಿಂ ಹುಡುಗಿಯರಲ್ಲಿ ಮೊದಮೊದಲು ಮೆಟ್ರಿಕ್ ಮುಟ್ಟಿದವರು ಸಾರಾ ಅವರು. 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಹಿಂಜರಿಯದೆ ಮಾತಾಡಿದರು. ನಾದಿರಾಳಿಗೆ ಸಿಗದ ಅಕ್ಷರ ಅವರಿಗೆ ಸಿಕ್ಕಿತ್ತು, ನಮಗೂ ಸಿಕ್ಕಿದೆ.

ಗುರುಗಳಲ್ಲಿ ಒಂದು ವಿನಂತಿ: ಈ ಪುಸ್ತಕದ ಬಗ್ಗೆ ಒಂದು ದಿನ ತರಗತಿಯಲ್ಲಿ ಚರ್ಚೆ ಇಡಿ. ಹುಡುಗರೂ ಇರಲಿ, ಮುಂದೆ ಅಪ್ಪಂದಿರಾಗುವವರು ಅವರೇ. ಗೆಳತಿ, ಪುಸ್ತಕವನ್ನು ಸೋಮವಾರ ಗ್ರಂಥಾಲಯಕ್ಕೆ ಮರಳಿಸುತ್ತೇನೆ. ನೀನು ತೆಗೆದುಕೋ. ಓದಿದ ಮೇಲೆ ಜಗಳ ಮಾಡೋಣ.

– ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ