ಕಾಲರಾ ಲಸಿಕೆಯ ಬರಿದಾದ ಉಗ್ರಾಣ

ಜಾಗತಿಕ ಲಸಿಕೆ ದಾಸ್ತಾನು ಎಂದೊಡನೆ ಶೀತಲ ಉಗ್ರಾಣದಲ್ಲಿ ಪೇರಿಸಿಟ್ಟ ಪೆಟ್ಟಿಗೆಗಳು ಕಣ್ಣಿಗೆ ಕಟ್ಟುತ್ತವೆಯಾದರೂ, ಕಾಲರಾದ ಮಟ್ಟಿಗೆ ಅದು ಮುಖ್ಯವಾಗಿ ಒಂದು ಖರೀದಿಯ ಏರ್ಪಾಡು: ನಿಗದಿಯಾದಷ್ಟು ಡೋಸುಗಳು ಸದಾ ಸಿದ್ಧವಿರಬೇಕು, ಬಳಕೆಯಾದಂತೆ ತಯಾರಕರು ಮತ್ತೆ ತುಂಬಬೇಕು, ಅದರ ವೆಚ್ಚವನ್ನು ಬಡದೇಶಗಳ ಲಸಿಕೆಗೆ ಹಣ ಒದಗಿಸುವ ‘ಗಾವಿ’ ಒಕ್ಕೂಟ ಭರಿಸಬೇಕು. ಯಾವ ದೇಶಕ್ಕೆ ಎಷ್ಟು ಎಂದು ತೀರ್ಮಾನಿಸುವ ಸಮನ್ವಯ ಗುಂಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ರೆಡ್ ಕ್ರಾಸ್ ಒಕ್ಕೂಟ ಮತ್ತು ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಗಳಿವೆ. ಆಫ್ರಿಕಾವನ್ನು ಕಾಡಿದ ಮಿದುಳು ಪೊರೆಯ ಉರಿಯೂತದ ಪಿಡುಗಿನ ಬೆನ್ನಿಗೆ, 1997ರಲ್ಲಿ, ಈ ಗುಂಪು ರೂಪುಗೊಂಡಿತು.

ಕಾಲರಾ ದಾಸ್ತಾನು 20 ಲಕ್ಷ ಡೋಸುಗಳೊಂದಿಗೆ 2013ರಲ್ಲಿ ಆರಂಭವಾದಾಗ ಅದರ ಮುಂದಿದ್ದುದು ವಿಚಿತ್ರವಾದ ತೊಡಕು. ಸಿಗುವುದೇ ಅಲ್ಪವೆಂದು ದೇಶಗಳು ಲಸಿಕೆ ಕೇಳುತ್ತಿರಲಿಲ್ಲ, ಕೇಳುವವರಿಲ್ಲವೆಂದು ಕಂಪನಿಗಳು ತಯಾರಿಸುತ್ತಿರಲಿಲ್ಲ. ಕೋಲ್ಕತ್ತದಲ್ಲಿ ಪ್ರಯೋಗಕ್ಕೊಳಗಾಗಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್‌ನಲ್ಲಿ ತಯಾರಾಗುತ್ತಿದ್ದ ಶಾಂಕಾಲ್ ಎಂಬ, ಬಾಯಿಗೆ ಹಾಕುವ ಅಗ್ಗದ ಲಸಿಕೆಗೆ ಈ ದಾಸ್ತಾನೇ ಖಚಿತ ಗಿರಾಕಿಯಾಯಿತು. ಬಡವರ ಕಾಯಿಲೆಗೆ ಮಾರುಕಟ್ಟೆ ತಾನಾಗಿ ಹುಟ್ಟುವುದಿಲ್ಲ, ಅದನ್ನು ಹುಟ್ಟಿಸಬೇಕಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ.

ಆದರೆ ಹುಟ್ಟಿಸಿದ ಮಾರುಕಟ್ಟೆಯನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಶಾಂತಾದ ಒಡೆತನ ಹೊಂದಿದ್ದ ಫ್ರಾನ್ಸಿನ ಸನೋಫಿ ಕಂಪನಿ ಶಾಂಕಾಲ್ ತಯಾರಿಕೆಯಿಂದ ಹಿಂದೆ ಸರಿದುದರಿಂದ ದಾಸ್ತಾನಿಗೆ ಉಳಿದದ್ದು ದಕ್ಷಿಣ ಕೊರಿಯಾದ ಯೂಬಯಾಲಜಿಕ್ಸ್ ಒಂದೇ, ಮತ್ತು ಅದೂ ಕಾಲರಾ ಹಲವು ದೇಶಗಳಲ್ಲಿ ಒಟ್ಟಿಗೇ ಹೆಡೆಯೆತ್ತಿದ ಕಾಲದಲ್ಲಿ. 2022ರ ಅಕ್ಟೋಬರಿನಲ್ಲಿ ಸಮನ್ವಯ ಗುಂಪು, ಪಿಡುಗು ತಗುಲಿದೆಡೆ ಎರಡು ಡೋಸಿನ ಬದಲು ಒಂದೇ ಸಾಕೆಂದು ನಿರ್ಧರಿಸಿತು. ಎರಡು ಡೋಸಿನ ರಕ್ಷಣೆ ಕನಿಷ್ಠ ಮೂರು ವರ್ಷ ನಿಲ್ಲುತ್ತದೆ, ಒಂದರದ್ದು ಅಲ್ಪಕಾಲದ್ದು. ಆದರೂ ಅಷ್ಟೇ ಲಸಿಕೆಯಿಂದ ಇಮ್ಮಡಿ ಜನರನ್ನು ತಲುಪಬಹುದಾದ್ದರಿಂದ ಆ ಗಳಿಗೆಯಲ್ಲಿ ಅದು ಸರಿಯಾದ ನಿರ್ಧಾರವೇ ಆಗಿತ್ತು. ಅಷ್ಟಾದರೂ 2023ರಲ್ಲಿ, ಒಂದೇ ಡೋಸಿನ ಲೆಕ್ಕದಲ್ಲೂ, 14 ದೇಶಗಳ ಬೇಡಿಕೆ 7.2 ಕೋಟಿಯಷ್ಟಿದ್ದರೆ ಲಭ್ಯವಿದ್ದುದು 3.6 ಕೋಟಿ ಮಾತ್ರ.

ಈ ಕೊರತೆಯಲ್ಲಿ ಮೊದಲು ಬಲಿಯಾದದ್ದು ಪಿಡುಗು ಬರುವ ಮುನ್ನವೇ ಲಸಿಕೆ ನೀಡುವ ಮುಂಜಾಗ್ರತಾ ಅಭಿಯಾನ. ತುರ್ತಿಗೆ ಎಲ್ಲವನ್ನೂ ಸುರಿದಾಗ ತಡೆಗಟ್ಟಬಹುದಾಗಿದ್ದ ಊರುಗಳೇ ಮುಂದಿನ ತುರ್ತುಗಳಾಗುತ್ತವೆ. ಹಸಿವು ತಾಳದೆ ಬಿತ್ತನೆ ಬೀಜವನ್ನೇ ಬೇಯಿಸಿಕೊಂಡಂಥ ಸ್ಥಿತಿ ಇದು. ಘಟಕಗಳನ್ನು ಕಡಿಮೆ ಮಾಡಿದ ಸರಳ ಸೂತ್ರದ ಲಸಿಕೆಗೆ 2024ರ ಏಪ್ರಿಲಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆತು ಉತ್ಪಾದನೆ ಹೆಚ್ಚಿತಾದರೂ, ಅದೇ ವರ್ಷದ ಅಕ್ಟೋಬರಿನಲ್ಲಿ ದಾಸ್ತಾನು ಪೂರ್ತಿ ಬರಿದಾಯಿತು.

ಎಬೋಲಾ ಲಸಿಕೆಯ ಕಥೆ ಇದಕ್ಕೆ ತೀರ ವಿರುದ್ಧ. ಸ್ವಿಟ್ಜರ್ಲೆಂಡಿನಲ್ಲಿ ಅತಿಶೀತದಲ್ಲಿಡುವ ಆ ದಾಸ್ತಾನು 2021ರಲ್ಲಿ ಆರಂಭವಾಗಿದ್ದು, ಪಿಡುಗು ಅಪರೂಪವಾದ್ದರಿಂದ ಅಲ್ಲಿನ ಚಿಂತೆ ಬಳಕೆಯಾಗದೆ ಅವಧಿ ಮೀರುವುದರದು. ಹೀಗಾಗಿ ಅದರ ಒಂದು ಪಾಲನ್ನು ಮುಂಜಾಗ್ರತೆಗೂ ಬಳಸಲು ಅವಕಾಶ ಮಾಡಿಕೊಡಲಾಯಿತು. 2024ರ ಡಿಸೆಂಬರಿನಲ್ಲಿ ಸಿಯೆರಾ ಲಿಯೋನ್ ತನ್ನ ಸುಮಾರು 20,000 ಮುಂಚೂಣಿ ಕಾರ್ಯಕರ್ತರಿಗೆ, ಅಲ್ಲಿ ಎಬೋಲಾ ಇಲ್ಲದಿರುವಾಗಲೇ, ಲಸಿಕೆ ಹಾಕಲು ತೊಡಗಿತು.