ಎದುರಾಳಿಯ ತಪ್ಪೂ ನನ್ನ ಗೆಲುವೂ

ಎದುರಾಳಿ ಎಡವಿದ್ದರಿಂದ ಸಿಕ್ಕ ಗೆಲುವು ಗೆಲುವೇ? 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ಚೆಸ್ ವಿಶ್ವ ಚಾಂಪಿಯನ್ ಆದಾಗ ಈ ಪ್ರಶ್ನೆ ಜೋರಾಗಿಯೇ ಎದ್ದಿತು. ಅದು 14ನೆಯ, ಕೊನೆಯ ಆಟ. ಇಬ್ಬರಿಗೂ ತಲಾ ಆರೂವರೆ ಅಂಕ. ಬಿಳಿ ಕಾಯಿ ಡಿಂಗ್ ಲಿರೆನ್ ಅವರದು, ಕಪ್ಪು 18 ವರ್ಷದ ಗುಕೇಶ್ ಅವರದು.

55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎದುರಾಳಿಯ ಆನೆಗೆ ಒಡ್ಡಿದರು. ಆನೆಗೆ ಆನೆ ಹೋಯಿತು. ಒಡನೆಯೇ ಗುಕೇಶ್ ತಮ್ಮ ಒಂಟೆಯನ್ನು ಬಿಳಿ ಒಂಟೆಯ ಓರೆದಾರಿಗೆ ಅಡ್ಡ ನಿಲ್ಲಿಸಿದರು. ಮೂಲೆಯಲ್ಲಿದ್ದ ಬಿಳಿ ಒಂಟೆಗೆ ಇದ್ದದ್ದೇ ಆ ಒಂದು ದಾರಿ. ಒಂಟೆಗಳೂ ಹೋದ ಮೇಲೆ ಉಳಿದವರು ರಾಜರು ಮತ್ತು ಕಾಲಾಳುಗಳು. ಕಪ್ಪಿಗೆ ಒಂದು ಕಾಲಾಳು ಹೆಚ್ಚಿತ್ತು, ಅಷ್ಟೇ ಸಾಕಾಯಿತು. 58 ನಡೆಗೆ ಆಟ ಮುಗಿಯಿತು.

ಅದು ಡ್ರಾ ಆಗಬೇಕಿದ್ದ ಆಟ ಎಂಬುದು ನಿಜ, ತಪ್ಪು ಡಿಂಗ್ ಅವರದೇ ಎಂಬುದೂ ನಿಜ. ಆದರೆ ಡ್ರಾ ತಾನಾಗಿ ಆಗುವುದಿಲ್ಲ, ಪ್ರತಿ ನಡೆಯಲ್ಲೂ ಅದನ್ನು ಕಾಪಾಡಿಕೊಳ್ಳಬೇಕು. ಮೊದಲ ನಡೆಯ ಅನುಕೂಲ ಬಿಳಿಯದು, ಕಪ್ಪು ಹಿಡಿದವರು ಸಮಬಲಕ್ಕೇ ತೃಪ್ತರಾಗುವುದು ವಾಡಿಕೆ. ಇಲ್ಲಿ ಅದು ತಿರುವುಮುರುವಾಯಿತು. ಬಿಳಿಯ ಡಿಂಗ್ ಒಂದು ಕಾಲಾಳನ್ನು ಬಿಟ್ಟುಕೊಟ್ಟಾದರೂ ಕಾಯಿಗಳನ್ನು ಕರಗಿಸಿ, ಆಟವನ್ನು ಶಾಂತವಾಗಿ ಮುಗಿಸಲು ನೋಡಿದರು. ಗುಕೇಶ್ ಮುಗಿಸಲು ಬಿಡಲಿಲ್ಲ. ಆ ಒಂದು ಕಾಲಾಳನ್ನು ನೆಚ್ಚಿಕೊಂಡು ಗಂಟೆಗಟ್ಟಲೆ ಪ್ರಶ್ನೆ ಕೇಳುತ್ತಲೇ ಹೋದರು. ಗಡಿಯಾರದಲ್ಲೂ ಡಿಂಗ್‌ಗಿಂತ ಅವರಿಗೇ ಬಹಳ ಹೆಚ್ಚು ಸಮಯ ಉಳಿದಿತ್ತು.

2010ರಲ್ಲಿ ಸೋಫಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್ ಪಂದ್ಯದ ಕೊನೆಯ ಆಟದಲ್ಲಿ ಆನಂದ್ ಕೂಡ ಕಪ್ಪು ಕಾಯಿಯಲ್ಲೇ ಟೊಪಲೋವ್ ಅವರನ್ನು ಸೋಲಿಸಿ ಕಿರೀಟ ಉಳಿಸಿಕೊಂಡರು. ಅಲ್ಲಿ ಬಿಳಿ ಅತಿಯಾಗಿ ಮುನ್ನುಗ್ಗಿ ಕೆಟ್ಟಿತು, ಸಿಂಗಪುರದಲ್ಲಿ ಅತಿಯಾಗಿ ಹಿಂಜರಿದು ಕೆಟ್ಟಿತು. ಎರಡೂ ಕಡೆ ಕಪ್ಪಿನವರು ಮಾಡಿದ್ದು ಒಂದೇ: ಕುರ್ಚಿ ಬಿಟ್ಟು ಏಳಲಿಲ್ಲ.

ಚೆಸ್‌ನಲ್ಲಿ ಯಾರೂ ತಪ್ಪು ಮಾಡದಿದ್ದರೆ ಯಾರೂ ಗೆಲ್ಲಲಾರರು ಎಂದು ನಾನು ನಂಬುತ್ತೇನೆ. ಹಾಗಿರುವಾಗ ಎದುರಾಳಿಯ ತಪ್ಪನ್ನು ಅದೃಷ್ಟದ ಖಾತೆಗೆ ಬರೆಯುವುದು ಅನ್ಯಾಯ. ಅದು ಗುಕೇಶ್ ಅವರಿಗಷ್ಟೇ ಅಲ್ಲ, ಡಿಂಗ್ ಅವರಿಗೂ ಮಾಡುವ ಅನ್ಯಾಯ. ಏನೂ ಒತ್ತಡವಿಲ್ಲದೆ ಕೈತಪ್ಪುವಂಥ ಆಟಗಾರ ಅವರಲ್ಲ. ಅದೇ ಪಂದ್ಯದ ಮೊದಲ ಆಟದಲ್ಲಿ ಕಪ್ಪು ಕಾಯಿ ಹಿಡಿದು ಗುಕೇಶ್ ಅವರನ್ನು ಸೋಲಿಸಿದವರೂ ಅವರೇ.