ಮಂದ್ರ ತಂತಿಯೂ ಸಭೆಯ ಕಂಠವೂ

ಕಳೆದ ಭಾನುವಾರ ಬಲಿಪೂಜೆ ಮುಗಿದ ಬಳಿಕ ಗಾನವೃಂದದ ಮೂವರು ಯುವಕರು ಗುರುನಿವಾಸಕ್ಕೆ ಬಂದರು. ಅವರು ತಂದ ಚೀಟಿಯಲ್ಲಿ 5 ತಂತಿಗಳ ಬೇಸ್ ಗಿಟಾರ್, 300 ವ್ಯಾಟ್‌ನ ಆಂಪ್ಲಿಫೈಯರ್, 15 ಅಂಗುಲದ ಎರಡು ಸ್ಪೀಕರ್ ಪೆಟ್ಟಿಗೆಗಳು ಇದ್ದವು. "ಫಾದರ್, ಒಮ್ಮೆ ದೊಡ್ಡದು ತಗೊಂಡ್ರ ಇಲ್ಲಿಗೂ ಆಗ್ತದ, ಹಳ್ಳಿ ಹಬ್ಬಕ್ಕೂ ಆಗ್ತದರಿ" ಎಂದನು ಅವರಲ್ಲಿ ಹಿರಿಯನು. ಅವರ ಉತ್ಸಾಹವನ್ನು ಮೆಚ್ಚಿದೆನು, ಚೀಟಿಯನ್ನು ಮೆಚ್ಚಲಾಗಲಿಲ್ಲ. ಅವರಿಗೆ ಹೇಳಿದ ಕಾರಣಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಇಂಥದೇ ಆಸೆ ಹೊತ್ತ ಮಕ್ಕಳಿರುವ ಮನೆಗಳು ಬೇರೆಯೂ ಇದ್ದಾವು.

ಬೇಸ್ ಗಿಟಾರಿನ ಕೆಲಸ ಮನೆಯ ಬುನಾದಿಯ ಕೆಲಸದಂತಹುದು. ಅದರ ನಾಲ್ಕು ತಂತಿಗಳು ಸಾಮಾನ್ಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಬುನಾದಿಯ ನಾದವೆಂದರೇನೆಂದು ನಮ್ಮ ಸೀಮೆಗೆ ಹೊಸದಾಗಿ ಕಲಿಸಬೇಕಿಲ್ಲ. ಮಾನ್ವಿ ತಾಲೂಕಿನ ಚೀಕಲಪರ್ವಿ ವಿಜಯದಾಸರ ಊರು. ಮಾನ್ವಿ ಜಗನ್ನಾಥದಾಸರ ನೆಲೆ. ಆ ದಾಸರ ಪರಂಪರೆಯಲ್ಲಿ ತಂಬೂರಿ ಹಾಡುವವನ ಶ್ರುತಿಯನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ಅವನ ಮಾತನ್ನು ಮುಚ್ಚುವುದಿಲ್ಲ. ಬೇಸ್ ಗಿಟಾರ್ ರಾಗದೊಡನೆ ನಡೆಯುತ್ತದೆ ಎಂಬುದೊಂದೇ ವ್ಯತ್ಯಾಸ. ವಿನಯವು ಎರಡಕ್ಕೂ ಸಮಾನ.

ಈ ಪಾಠವನ್ನು ನಾನು ತಪ್ಪು ಮಾಡಿ ಕಲಿತೆನು. ಹಿಂದೊಮ್ಮೆ ಒಂದು ಚಿಕ್ಕ ಧರ್ಮಕೇಂದ್ರದಲ್ಲಿದ್ದಾಗ, ಹಬ್ಬದ ಕಾಣಿಕೆಯಿಂದ ಭಾರಿ ಆಂಪ್ಲಿಫೈಯರ್ ಒಂದನ್ನು ನಾನೇ ಕೊಡಿಸಿದೆನು. ಪ್ರಾರ್ಥನಾ ಮಂದಿರಕ್ಕೆ ತಗಡಿನ ಮಾಡು. ಜನ ನೂರಕ್ಕೆ ಮೀರದು. ಮೊದಲ ಸ್ವರಕ್ಕೇ ತಗಡು ಗಡಗಡಿಸಿತು. ಎರಡು ತಿಂಗಳಾದ ಮೇಲೆ ಹಿಂದಿನ ಸಾಲಿನ ಒಬ್ಬ ಅಜ್ಜಿ, "ನಮ್ಮ ಹಾಡು ನಮಗs ಕೇಳವಲ್ದರಿ ಫಾದರ್, ಅದಕ್ಕs ಬಿಟ್ಟೀವಿ" ಎಂದರು. ಆಗಲೇ ನನಗೆ ಅರಿವಾದುದು: ಸಭೆ ಹಾಡುವುದನ್ನೇ ನಿಲ್ಲಿಸಿತ್ತು. ಆರಾಧಿಸುತ್ತಿದ್ದವರನ್ನು ನಾನು ಪ್ರೇಕ್ಷಕರನ್ನಾಗಿ ಮಾಡಿದ್ದೆನು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರ್ಗನ್ನಿಗೆ ವಿಶೇಷ ಗೌರವವಿತ್ತು, ಪೂಜಾವಿಧಿಗೆ ಒಗ್ಗುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. 1967ರ ಸಂಗೀತ ನಿರ್ದೇಶನವು ವಾದ್ಯದ ಧ್ವನಿ ಕಂಠವನ್ನು ಮುಳುಗಿಸಿ ಪದಗಳನ್ನು ಕೇಳಿಸದಂತೆ ಮಾಡಬಾರದೆಂದು ಎಚ್ಚರಿಸಿತು. ಸಂತ ಥಾಮಸ್ ಅಕ್ವಿನಾಸರು ಸೌಂದರ್ಯಕ್ಕೆ ಪೂರ್ಣತೆ, ಪ್ರಮಾಣ, ಪ್ರಭೆ ಎಂಬ ಮೂರು ಲಕ್ಷಣಗಳನ್ನು ಹೇಳಿದರು. ವಾದ್ಯ ಕೊಳ್ಳುವವರು ಮರೆಯುವುದು ನಡುವಿನದನ್ನು.

ಪ್ರಮಾಣವೆಂದರೆ ಇಲ್ಲಿ ಏನು? ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗದು. 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಇಮ್ಮಡಿ ಎನಿಸಲು ಸುಮಾರು 10 ಪಟ್ಟು ವ್ಯಾಟ್ ಬೇಕು. ಆದುದರಿಂದ ಚಿಕ್ಕ ಮಂದಿರಕ್ಕೆ ಆಂಪ್ಲಿಫೈಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ, 40ರಿಂದ 60 ವ್ಯಾಟ್‌ನ, 10 ಅಥವಾ 12 ಅಂಗುಲದ ಸ್ಪೀಕರುಳ್ಳ ಸಲಕರಣೆ ಸಾಕು. ಒಬ್ಬನೇ ಎತ್ತಿ ಬಸ್ಸಿಗೆ ಏರಿಸುವಂತಿರಲಿ. ಅದನ್ನು ಮೂಲೆಗೆ ತಳ್ಳಬೇಡಿರಿ. ಮೂಲೆಯ ಗೋಡೆಗಳು ಮಂದ್ರವನ್ನು ಉಬ್ಬಿಸಿ ಮಸುಕುಗೊಳಿಸುತ್ತವೆ. ಬೆಂಚಿನ ಮೇಲಿಟ್ಟರೆ ಸ್ವರ ಇನ್ನಷ್ಟು ಸ್ಪಷ್ಟವಾದೀತು. ಸಾಮಾನ್ಯ ಗಿಟಾರಿನ ಆಂಪ್ಲಿಫೈಯರಿಗೆ ಬೇಸನ್ನು ಜೋರಾಗಿ ನುಡಿಸಿದರೆ ಅದರ ಸ್ಪೀಕರ್ ಕೆಟ್ಟೀತು. ಕೀಬೋರ್ಡಿನದಾದರೆ ಮಿತವಾಗಿ ಬಳಸಬಹುದು.

ಗಿಟಾರಿಗೆ 4 ತಂತಿಗಳು ಸಾಕು. ಎಳೆಯ ಕೈಗಳಿಗೆ ತಂತಿಯ ಉದ್ದ 34ರ ಬದಲು 30 ಅಂಗುಲವಿರುವ ವಾದ್ಯ ಅನುಕೂಲ. ನಮ್ಮ ಬೇಸಿಗೆಯ ಬಿಸಿಲಿಗೆ ಅದರ ಕತ್ತಿನ ಮರ ಬಾಗೀತು. ನಿಲ್ಲಿಸಿದ ವಾಹನದೊಳಗೆ ಬಿಡಬಾರದು. 1951ರಲ್ಲಿ ಅಮೆರಿಕದ ಲಿಯೊ ಫೆಂಡರ್ ತಮ್ಮ ಪ್ರಿಸಿಷನ್ ಬೇಸನ್ನು ಹೊರತಂದಾಗ, ಆಳೆತ್ತರದ ಡಬಲ್ ಬೇಸನ್ನು ಊರೂರಿಗೆ ಹೊರುವ ಕಷ್ಟ ತಪ್ಪುವುದೂ ಅದರ ಒಂದು ಪ್ರಯೋಜನವಾಗಿತ್ತು. ಹಗುರಾಗಲೆಂದು ಹುಟ್ಟಿದ ವಾದ್ಯದ ಹಿಂದೆ ಒಂದು ಬಂಡಿಯ ಭಾರವನ್ನು ಕಟ್ಟುವುದೇಕೆ?

"ಬಯಲಿನ ಹಬ್ಬಕ್ಕೆ ಏನು ಮಾಡೋದ್ರಿ?" ಎಂದು ಯುವಕರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಅಲ್ಲಿಗೆ ಬಾಡಿಗೆಯ ಧ್ವನಿವರ್ಧಕದವರು ಹೇಗೂ ಬರುತ್ತಾರೆ. ಡಿಐ ಬಾಕ್ಸ್ ಎಂಬ ಅಂಗೈಯಗಲದ ಪೆಟ್ಟಿಗೆಯೊಂದು ಬೇಸಿನ ಸದ್ದನ್ನು ನೇರವಾಗಿ ಅವರ ಮಿಕ್ಸರಿಗೆ ಒಯ್ಯುತ್ತದೆ. ಬಯಲು ತುಂಬಿಸುವ ಹೊಣೆ ಅವರದು.

ಇನ್ನು ವಿದ್ಯುತ್ತಿನ ಮಾತು. ಇದು ಪ್ರಾಣದ ಮಾತು. ಶಕ್ತಿನಗರದಲ್ಲಿ 1985ರಿಂದ ಉಷ್ಣವಿದ್ಯುತ್ ಸ್ಥಾವರವಿರುವ ಜಿಲ್ಲೆ ನಮ್ಮದು. ಆದರೂ ಎಲ್ಲ ಕಟ್ಟಡಗಳ ವೈರಿಂಗ್ ನಂಬಿಕೆಗೆ ಅರ್ಹವಲ್ಲ. ಗುಂಯ್ ಎನ್ನುವ ಸದ್ದನ್ನು ಅಡಗಿಸಲು ಕೆಲವರು ಪ್ಲಗ್ಗಿನ ಮೂರನೆಯ ಕಡ್ಡಿಯನ್ನೇ, ಎಂದರೆ ಅರ್ಥಿಂಗನ್ನೇ, ಕತ್ತರಿಸುತ್ತಾರೆ. ತಂತಿ ಹಿಡಿದ ಕೈಯೂ ಮೈಕಿಗೆ ತಾಗಿದ ತುಟಿಯೂ ಒಂದೇ ದೇಹದವು. ನಡುವೆ ವಿದ್ಯುತ್ ಹರಿದರೆ ಹಾಡು ಅಲ್ಲಿಗೇ ಮುಗಿದೀತು. ಆ ಸದ್ದನ್ನು ತಗ್ಗಿಸಲು ಅನೇಕ ಡಿಐ ಬಾಕ್ಸ್‌ಗಳಲ್ಲೇ ಒಂದು ಗುಂಡಿ ಇರುತ್ತದೆ. ಅರ್ಥಿಂಗ್ ಇಲ್ಲದ ಕಡೆ ವೈರಿಂಗ್ ಸರಿಯಾಗುವ ತನಕ ಕೈಯಲ್ಲಿ ತಬಲಾ, ತಾಳ ಇರಲಿ. ತಂದೆತಾಯಿಗಳೇ, ಈ ಒಂದನ್ನು ನೀವೇ ನೋಡಿ ಖಚಿತಪಡಿಸಿಕೊಳ್ಳಿರಿ.

ಕೊನೆಯದಾಗಿ, ಈ ಹಣ ಯಾರದೆಂಬುದನ್ನು ನೆನೆಯೋಣ. ಹತ್ತಿ ಬಿಡಿಸಿದ, ಭತ್ತದ ನಾಟಿ ಮಾಡಿದ ಕೈಗಳು ಹಾಕಿದ ಕಾಣಿಕೆ ಅದು. ಆ ಕೈಗಳ ಒಡೆಯರ ಕಂಠವನ್ನೇ ಮುಚ್ಚುವ ಯಂತ್ರಕ್ಕೆ ಅದನ್ನು ವ್ಯಯಿಸುವುದು ಧರ್ಮವಲ್ಲ.

ಯುವಕರಿಗೆ ನಾನು ಹೇಳಿದ ಪರೀಕ್ಷೆ ಒಂದೇ. ಕೊಳ್ಳುವ ಮುನ್ನ ಒಂದು ಆಂಪ್ಲಿಫೈಯರನ್ನು ಬಾಡಿಗೆಗೆ ತನ್ನಿರಿ. ಒಬ್ಬನು ನುಡಿಸಲಿ, ಇನ್ನೊಬ್ಬನು ಹಿಂದಿನ ಸಾಲಿಗೆ ಹೋಗಿ ಅಜ್ಜಿಯರ ಪಕ್ಕ ನಿಲ್ಲಲಿ. ಅವರ ಹಾಡಿನ ಪದಗಳು ಅವನಿಗೆ ಕೇಳುತ್ತಿದ್ದರೆ ಅದೇ ಸರಿಯಾದ ಅಳತೆ. ಕೇಳದಿದ್ದರೆ ಗುಂಡಿ ತಿರುಗಿಸಿರಿ. ತಿರುಗಿಸಿಯೂ ಕೇಳದಿದ್ದರೆ, ಅಂಗಡಿಯವನು ಎಷ್ಟೇ ಹೊಗಳಲಿ, ಆ ಪೆಟ್ಟಿಗೆ ನಮ್ಮ ಮಂದಿರಕ್ಕೆ ಬೇಡ.